ಲಾರಿ ಮೇಲೆ ರೈಲು ಹತ್ತಿಸುವ ಸರಿಯಾದ ವಿಧಾನ

ಮಾದರಿ ಲಾರಿಯ ಮೇಲೆ ಮಾದರಿ ರೈಲು ಹತ್ತಿಸುವುದಾದರೆ ಎಂಜಿನ್ ಆಯ್ಕೆಯಲ್ಲೇ ಎಚ್ಚರವಿರಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡುತ್ತಿದ್ದ ಪುಟ್ಟ ರೈಲಿನ ಮೇಲೆ ಆಸೆಪಟ್ಟಿರೋ, ಕೆಟ್ಟಿರಿ. ಅದರ ಹಳಿಗಳ ನಡುವಿನ ಅಂತರ 762 ಮಿ.ಮೀ. ಲಾರಿ ಕಿಟ್‌ಗಳು ಹೆಚ್ಚಾಗಿ ಸಿಗುವ 1/24 ಅಳತೆಗೆ ಇಳಿಸಿದರೆ 31.75. ಓ ಗೇಜ್ ಮಾದರಿ ರೈಲಿನ ಹಳಿ ಅಂಗಡಿಯಲ್ಲೇ 32 ಮಿ.ಮೀ.ಗೆ ಸಿಗುತ್ತದೆ. ತಂದು ಟ್ರೇಲರ್ ಮೇಲೆ ಅಂಟಿಸಿದರೆ ಕೆಲಸ ಮುಗಿದೇ ಹೋಗುತ್ತದೆ. ಮುಗಿಯುವ ಕೆಲಸ ಬೇಕೆನ್ನುವವರು ಬೇರೆ ಹವ್ಯಾಸ ನೋಡಿಕೊಳ್ಳಿ.

ನೀವು ಡಾರ್ಜಿಲಿಂಗ್‌ನ ಬಿ ಕ್ಲಾಸ್ ಎಂಜಿನ್ನನ್ನೇ ಹಿಡಿಯಿರಿ. 1889ರಲ್ಲಿ ಶುರುವಾದ ಮಾದರಿ, ನಾಲ್ಕೇ ಚಕ್ರ, 609.6 ಮಿ.ಮೀ. ಗೇಜ್. ಇಪ್ಪತ್ತನಾಲ್ಕರಿಂದ ಭಾಗಿಸಿ: 25.4, ಅಂದರೆ ಕರಾರುವಾಕ್ಕಾಗಿ ಒಂದು ಇಂಚು. ಲೆಕ್ಕ ಇಷ್ಟು ಚೆಂದವಾಗಿ ಕೂಡಿಬಂದಿತೆಂದರೆ ಆ ಅಳತೆಯ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ನಮ್ಮ ತರೀಕೆರೆ–ನರಸಿಂಹರಾಜಪುರದ ಟ್ರಾಮ್‌ವೇ ಕೂಡ ಇದೇ ಗೇಜಿನದಾಗಿತ್ತು ಎಂದು ಮನೆಗೆ ಬಂದವರಿಗೆಲ್ಲ ಹೇಳಿ. ಅದರ ನಕ್ಷೆ ಹುಡುಕುತ್ತಿದ್ದೇನೆ ಎಂಬ ನೆಪದಲ್ಲಿ ಮಳೆಗಾಲ ಪೂರ್ತಿ ಕಳೆಯಬಹುದು.

ಈಗ ಲಾರಿ. ಹಳೆಯ ಟಾಟಾ–ಮರ್ಸಿಡಿಸ್ಸೇ ಆಗಬೇಕೆಂದು ಪಟ್ಟು ಹಿಡಿಯಿರಿ. ತಂದ ಕಿಟ್ಟಿನ ಪೆಟ್ಟಿಗೆಯೊಳಗೆ ಸ್ವೀಡನ್ನಿನ ಲಾರಿ ಇದ್ದರೆ ಅಂಜಬೇಡಿ, ಮೂತಿ ಕೊಯ್ದುಬಿಡಿ. ಉಳಿದದ್ದನ್ನು ಎಂ-ಸೀಲ್ ನೋಡಿಕೊಳ್ಳುತ್ತದೆ. ಉಪ್ಪುಕಾಗದದಲ್ಲಿ ಉಜ್ಜುತ್ತ, 1945ರಲ್ಲಿ ಹುಟ್ಟಿದ ಟೆಲ್ಕೋ ಕಂಪನಿಯ ಹೆಸರಿನಲ್ಲೇ ಲೋಕೋಮೋಟಿವ್ ಇತ್ತು, ಅದು ಮೀಟರ್‌ಗೇಜಿನ ಉಗಿ ಎಂಜಿನ್‌ಗಳನ್ನೂ ಕಟ್ಟುತ್ತಿತ್ತು, ಜರ್ಮನಿಯವರ ಕೈಹಿಡಿದು ಲಾರಿಗೆ ಇಳಿದದ್ದು 1954ರಲ್ಲಿ ಎಂದು ಮನೆಯವರಿಗೆ ವಿವರಿಸಿ. ಅನ್ನ ಬಡಿಸುವ ಹೊತ್ತು ಇದಕ್ಕೆ ಪ್ರಶಸ್ತ. ಎದ್ದು ಹೋಗಲು ಯಾರಿಗೂ ಆಗುವುದಿಲ್ಲ.

1969ರವರೆಗೆ ಮೂತಿಯ ಮೇಲೆ ಮರ್ಸಿಡಿಸ್ ನಕ್ಷತ್ರವಿತ್ತು, ಆಮೇಲೆ ಟಾಟಾದ ‘ಟಿ’ ಬಂತು. ನೀವು ನಕ್ಷತ್ರ ಹಾಕಿ, ಕೆಳಗೆ ಕೆಎ ನಂಬರ್ ಪ್ಲೇಟ್ ಅಂಟಿಸಿ. ಆ ಕಾಲಕ್ಕೆ ನಮ್ಮ ರಾಜ್ಯದ ಹೆಸರೇ ಮೈಸೂರು ಎಂದು ಯಾರಾದರೂ ಕೊಂಕು ತೆಗೆದರೆ “ರೀ-ರಿಜಿಸ್ಟ್ರೇಷನ್” ಎಂದಷ್ಟೇ ಹೇಳಿ, ಕುಂಚ ತೊಳೆಯಲು ಎದ್ದು ಹೋಗಿ.

ಕ್ಯಾಬಿನ್ನಿನ ಗಾಜನ್ನು ಫೆವಿಕ್ವಿಕ್ ಹಾಕಿಯೇ ಕೂರಿಸಿ. ಎರಡು ಹನಿ ಹೆಚ್ಚೇ ಬೀಳಲಿ. ಗಾಳಿ ಆಡದಂತೆ ಬಾಗಿಲು ಮುಚ್ಚಿ ಮಲಗಿ. ಬೆಳಗ್ಗೆ ಎದ್ದು ನೋಡಿದರೆ ಅಂಟಿನ ಆವಿ ಗಾಜಿನ ಒಳಮೈಗೆ ಬಿಳಿಯಾಗಿ ಮೆತ್ತಿಕೊಂಡಿರುತ್ತದೆ, ಡ್ರೈವರ್ ಕಾಣುವುದಿಲ್ಲ. ಅದನ್ನು ಡಾರ್ಜಿಲಿಂಗ್‌ನ ಮಂಜು ಎಂದು ಕರೆಯಿರಿ.

ರಿವಿಟ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಹಿಂಬದಿಯಿಂದ ಸೂಜಿಮೊನೆ ಒತ್ತಿದರೆ ಮುಂದೆ ಒಂದು ಪುಟ್ಟ ಗುಳ್ಳೆ ಏಳುತ್ತದೆ. ಬಾಯ್ಲರ್ ಮೇಲೆ ಕವುಚಿರುವ ನೀರಿನ ಟ್ಯಾಂಕಿಗೆ ಎಷ್ಟು ರಿವಿಟ್ ಎಂದು ಫೋಟೊ ಹಿಗ್ಗಿಸಿ ಎಣಿಸಿ, ಅಷ್ಟೂ ಒತ್ತಿ. ಒಂದು ಓರೆಯಾದರೂ ಹಾಳೆಯನ್ನೇ ಎಸೆದು ಹೊಸದಾಗಿ ಶುರುಮಾಡಿ. ನಿಮ್ಮ ತಾಳ್ಮೆಯೆಲ್ಲ ಇಲ್ಲೇ ಖರ್ಚಾಗಬೇಕು. ಮುಂದಿನ ಹಂತಕ್ಕೆ ಚೂರೂ ಉಳಿಯಬಾರದು.

ಏಕೆಂದರೆ ಮುಂದಿನ ಹಂತ ಭಾರ. ನಿಜವಾದ ಬಿ ಕ್ಲಾಸ್ ಸುಮಾರು 14 ಟನ್ ತೂಗುತ್ತದೆ. ಇಪ್ಪತ್ತನಾಲ್ಕರಿಂದ ಭಾಗಿಸಿ ಮಾದರಿ 583 ಕೆ.ಜಿ. ಆಗಬೇಕೆಂದು ಘೋಷಿಸಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 13,824ರಿಂದ ಭಾಗಿಸಬೇಕು, ಒಂದು ಕೆ.ಜಿ. ಬಂದರೆ ಸಾಕು ಎಂದು ಹೈಸ್ಕೂಲು ಹುಡುಗನೊಬ್ಬ ತಿದ್ದುತ್ತಾನೆ. ಕೇಳಬೇಡಿ. ಕೇಳಿದರೆ ಬಾಯ್ಲರಿನೊಳಗೆ ಸೀಸದ ಗುಂಡು ತುಂಬುವ ಮನಸ್ಸಾಗುತ್ತದೆ. ತುಂಬಿದರೆ ಟ್ರೇಲರ್ ತುಸು ಕುಸಿಯುತ್ತದೆ, ಕುಸಿದರೆ ಲೋಡು ಹೊತ್ತ ಲಾರಿಯ ಹಾಗೆ ಕಾಣತೊಡಗುತ್ತದೆ. ಪೀಣ್ಯದ ಸಿಗ್ನಲ್ಲಿನಲ್ಲಿ ಕಬ್ಬಿಣ ಹೇರಿಕೊಂಡು ನಿಂತ ಟ್ರೇಲರನ್ನು ನೋಡಿದ್ದೀರಲ್ಲ? ಲೀಫ್ ಸ್ಪ್ರಿಂಗಿನ ಪಟ್ಟಿಗಳು ಬಾಗು ಕಳೆದುಕೊಂಡು ನೆಟ್ಟಗಾಗಿರುತ್ತವೆ. ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗಿ, ಪಕ್ಕಕ್ಕೆ ಉಬ್ಬಿರುತ್ತದೆ. ಮಾದರಿಯಲ್ಲಿ ಇದನ್ನು ತರಲು ಟೈರಿನ ಅಡಿಯನ್ನು ಚೂರು ಉಜ್ಜಿ, ಸ್ಪ್ರಿಂಗನ್ನು ಕೂದಲೆಳೆಯಷ್ಟು ಇಳಿಸಿ ಅಂಟಿಸಿದರೆ ಸಾಕು. ಅರ್ಧ ಗಂಟೆಯ ಕೆಲಸ. ಆದ್ದರಿಂದಲೇ ಮಾಡಬೇಡಿ. ಸ್ಪ್ರಿಂಗು ಷೋರೂಮಿನಿಂದ ಈಗಷ್ಟೇ ಇಳಿದಂತೆ ಎದೆಯುಬ್ಬಿಸಿಕೊಂಡಿರಲಿ, ಟೈರು ಪೂರ್ಣಚಂದ್ರನಾಗಿರಲಿ. ರಿವಿಟ್ಟುಗಳೆಲ್ಲ ಲೆಕ್ಕಕ್ಕೆ ಸರಿಯಾಗಿರುವ ಎಂಜಿನ್ ಲಾರಿಯ ಮೇಲೆ ಬಲೂನಿನಷ್ಟು ಹಗುರವಾಗಿ ಕೂರುವಂತೆ ಮಾಡುವುದು ನಮ್ಮ ಹವ್ಯಾಸದ ಪರಮ ಗುರಿ.

ಎಂಜಿನ್ನನ್ನು ಲಾರಿಗೆ ಕಟ್ಟುವ ಸರಪಳಿ ಬಳೆ ಅಂಗಡಿಯಲ್ಲಿ ಸಿಗುತ್ತದೆ. ಚಿನ್ನದ ಬಣ್ಣದ್ದನ್ನೇ ತನ್ನಿ. ನಾಲ್ಕೂ ಮೂಲೆಯಿಂದ ಎಂಜಿನ್ನಿನ ಚಾಸಿಗೆ ಕೊಟ್ಟು, ಎದುರುಬದುರು ಎಳೆದು ಬಿಗಿಯುವುದು ಕ್ರೇನಿನವರ ಹಳೆಯ ಚಾಳಿ. ನೀವು ಚಕ್ರ ತಿರುಗಿಸುವ ರಾಡಿಗೆ ಒಂದು ಸುತ್ತು ಹಾಕಿ ಸಡಿಲ ಬಿಡಿ. ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಡುವುದನ್ನು ಮರೆಯಿರಿ. ಡಾರ್ಜಿಲಿಂಗ್‌ನ ದಾರಿ ಏರೇ ತಾನೆ, ಹಿಂದಕ್ಕೆ ಜಾರಿದರೆ ಸಿಲಿಗುರಿಯಲ್ಲಿ ಸಿಗುತ್ತದೆ.

ಚಿಮಣಿಗೆ ಹತ್ತಿಯ ಹೊಗೆ ಸಿಕ್ಕಿಸಿ. ಲಾರಿಯ ಮೇಲಿರುವ ಎಂಜಿನ್ನಿಗೆ ಬೆಂಕಿ ಹಾಕಿದವರು ಯಾರು ಎಂದು ಕೇಳುವಷ್ಟು ಗಮನ ಕೊಟ್ಟು ಯಾರೂ ನೋಡುವುದಿಲ್ಲ. ಚಕ್ರ ಜಾರದಂತೆ ಹಳಿಗೆ ಮರಳು ಚೆಲ್ಲಲು ಬಿ ಕ್ಲಾಸಿನ ಮುಂಭಾಗದಲ್ಲಿ ಇಬ್ಬರು ಕೂತಿರುತ್ತಾರೆ. ಆ ಇಬ್ಬರನ್ನೂ ಅಲ್ಲೇ ಕೂರಿಸಿ. ಕೆಳಗೆ ಟ್ರೇಲರಿನ ಹಲಗೆ ಇದ್ದರೇನಂತೆ, ಡ್ಯೂಟಿ ಡ್ಯೂಟಿಯೇ. ಹಿಂದೆ ‘ಹಾರ್ನ್ ಓಕೆ ಪ್ಲೀಸ್’, ಮುಂದೆ ನಿಂಬೆಹಣ್ಣು–ಮೆಣಸಿನಕಾಯಿ. ತುಕ್ಕಿನ ಬಣ್ಣವನ್ನು ಕೈಗೆ ಸಿಕ್ಕಲ್ಲೆಲ್ಲ ಬಳಿಯಿರಿ, ಹೊಸ ಟೈರಿಗೂ.

ಕೊನೆಗೆ ಇಡೀ ಲಾರಿಯನ್ನು ಒಂದು ಹಲಗೆಯ ಮೇಲೆ, ಡಾರ್ಜಿಲಿಂಗ್‌ಗೆ ಏರುವ ಹಿಲ್ ಕಾರ್ಟ್ ರಸ್ತೆಯಲ್ಲಿ ನಿಲ್ಲಿಸಿ. ಅಲ್ಲಿ ಹಳಿ ರಸ್ತೆಯ ಮಗ್ಗುಲಲ್ಲೇ ಸಾಗುತ್ತದೆ, ಆಗಾಗ ದಾಟುತ್ತದೆ. ಅದನ್ನೂ ತಪ್ಪದೆ ಕೂರಿಸಿ, ಲಾರಿಗೆ ಒತ್ತಿಕೊಂಡಂತೆ. ಪಕ್ಕದ ಮನೆಯ ಮಗು ಬಂದು “ಅಂಕಲ್, ಹಳಿ ಇಲ್ಲೇ ಇದೆಯಲ್ಲ, ಎಂಜಿನ್ ಯಾಕೆ ಲಾರಿ ಹತ್ತಿದೆ?” ಎಂದೇ ಕೇಳುತ್ತದೆ. ಸಿದ್ಧವಾಗಿರಿ. 2010ರಲ್ಲಿ ಪಾಗ್ಲಾಝೋರಾದಲ್ಲಿ ಗುಡ್ಡ ಕುಸಿದು ಹಳಿ ಕೊಚ್ಚಿಹೋಯಿತು, ಸಿಲಿಗುರಿಯಿಂದ ಡಾರ್ಜಿಲಿಂಗ್‌ವರೆಗೆ ನೇರವಾಗಿ ರೈಲು ಓಡಲು 2015ರವರೆಗೆ ಕಾಯಬೇಕಾಯಿತು ಎಂದು ಗಂಭೀರವಾಗಿ ಹೇಳಿ. ಆ ಕುಸಿತದಲ್ಲಿ ರಸ್ತೆಯೂ ಹೋಗಿತ್ತು ಎಂಬುದನ್ನು ಮಗು ಎಲ್ಲಾದರೂ ಓದಿಕೊಂಡು ಬಂದಿದ್ದರೆ, ಫ್ರಿಜ್ಜಿನಲ್ಲಿ ಚಾಕೊಲೇಟ್ ಇಟ್ಟಿರಿ.