ತಾಲ್ಲೂಕುವಾರು ಪ್ರಳಯ

ಭೂಮಿ ತಿರುಗುವುದು ಗಕ್ಕನೆ ನಿಂತರೆ ಯಾರು ಎಲ್ಲಿಗೆ ಹೋಗಿ ಬೀಳುತ್ತಾರೆ ಎಂಬುದನ್ನು ನಾನು ತಾಲ್ಲೂಕುವಾರು ಲೆಕ್ಕ ಹಾಕಿ ಇಟ್ಟುಕೊಂಡಿದ್ದೇನೆ. ಸರ್ಕಾರ ಕೇಳಿದರೆ ಕೊಡಲು ಸಿದ್ಧ.

ಲೆಕ್ಕ ಸುಲಭ. ನಮ್ಮ ಸೀಮೆಯಲ್ಲಿ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿದವನದೂ ಅದೇ ವೇಗ. ನೆಲಕ್ಕೆ ಬ್ರೇಕ್ ಬಿದ್ದರೆ ಅವನಿಗೆ ಬೀಳುವುದಿಲ್ಲ. ಅಡ್ಡ ಏನೂ ಸಿಗದಿದ್ದರೆ ಮಾಗಡಿಯವರು ಒಂದೂವರೆ ನಿಮಿಷದಲ್ಲಿ ಬೆಂಗಳೂರಿನ ನಟ್ಟನಡುವೆ! ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂದಲು ನೆರೆಸಿಕೊಂಡವರಿಗೆ ಇದು ಮೊದಲ ಸುಖಪ್ರಯಾಣ, ಕೊನೆಯದೂ ಹೌದು. ಬೆಂಗಳೂರಿನವರು ಅಷ್ಟರಲ್ಲಿ ಬಂಗಾರಪೇಟೆ ಕಡೆ ಹೊರಟುಬಿಟ್ಟಿರುವುದರಿಂದ ಬಾಡಿಗೆ ಮನೆಗೂ ತೊಂದರೆಯಿಲ್ಲ.

ರಾಮನಗರದವರು ಆನೇಕಲ್ ಮೇಲಿಂದ ಹೊಸೂರಿಗೆ. ಹಾಗೆ ನೋಡಿದರೆ ಅವರು ಹಾರುವ ಮೊದಲೇ ಬೆಂಗಳೂರು ಸೇರಿಯಾಗಿದೆ: 2025ರಲ್ಲಿ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಕನಕಪುರದವರು ದೇಂಕಣಿಕೋಟೆಗೆ, ಅಂದರೆ ತಮಿಳುನಾಡಿಗೆ. ಮೇಕೆದಾಟು ಅಣೆಕಟ್ಟು ಆಗಲೇಬೇಕೆಂದು 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟ ತಾಲ್ಲೂಕು ಇದು. ಕಾವೇರಿಯೂ ಅವರ ಜೊತೆಗೇ ಪೂರ್ವಕ್ಕೆ ನೆಗೆಯುತ್ತಾಳೆ. ಎಷ್ಟು ಟಿಎಂಸಿ ಹೋಯಿತೆಂದು ಅಳೆಯುವವರೂ ಅದರೊಳಗೇ ಇರುತ್ತಾರೆ.

ನೆಮ್ಮದಿಯಾಗಿರುವುದು ರಾಮದೇವರ ಬೆಟ್ಟದ ಉದ್ದ ಕೊಕ್ಕಿನ ರಣಹದ್ದುಗಳು ಮಾತ್ರ. 2012ರಲ್ಲಿ ಅವುಗಳಿಗೆಂದೇ ಅಲ್ಲಿ ಧಾಮ ಮಾಡಿದ್ದಾರೆ. ಗಾಳಿ ಹಳೆಯ ವೇಗದಲ್ಲೇ ಸಾಗುತ್ತಿರುತ್ತದಲ್ಲ, ರೆಕ್ಕೆ ಬಿಚ್ಚಿ ತೇಲುವ ಹದ್ದಿಗೆ ಮೊದಲ ಗಳಿಗೆ ಏನೂ ಗೊತ್ತಾಗದು. ಬಗ್ಗಿ ನೋಡಿದರೆ ‘ಶೋಲೆ’ ತೆಗೆದ ಬೆಟ್ಟವೇ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಆಮೇಲೆ ಊಟಕ್ಕೂ ಬರವಿಲ್ಲ.

ಚನ್ನಪಟ್ಟಣದಲ್ಲಿ ಈ ವರದಿ ಓದಿ ಹೇಳಿದಾಗ ಬುಗುರಿ ಕಡೆಯುವವರೊಬ್ಬರು ತಲೆಯೆತ್ತಲೇ ಇಲ್ಲ. ಲೇತಿನಲ್ಲಿ ಆಲೆಮರದ ತುಂಡು ಗಿರ್ರೆನ್ನುತ್ತಿತ್ತು. ಅದಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಮೇಲೆ ತಾಳೆಗರಿ ಸವರಿದರೆ ಮುಖ ಕಾಣುವ ಹೊಳಪು. “ನಿಂತ್ರೆ ಬುಗುರಿ ಥರ ಬಿದ್ದೋಗಲ್ವಾ?” ಎಂದರು. ಬುಗುರಿಗಾದರೆ ಬೀಳಲು ಕೆಳಗೆ ನೆಲವಿದೆ, ಭೂಮಿಗೆ ಎಲ್ಲಿದೆ, ಅದು ಸುಮ್ಮನೆ ಸೂರ್ಯನನ್ನು ಸುತ್ತಿಕೊಂಡಿರುತ್ತದೆ ಎಂದೆ. ಬುಗುರಿಯಂತೆ ಅದೂ ತಲೆ ತೂಗುತ್ತದೆ, ಒಂದು ತೂಗಿಗೆ ಸುಮಾರು 26,000 ವರ್ಷ ಎಂದೂ ಸೇರಿಸಿದೆ. “ಮೊಳೆ ಸರಿ ಕೂತಿಲ್ಲ” ಎಂದು ತೀರ್ಪು ಕೊಟ್ಟು ಇನ್ನೊಂದು ತುಂಡು ಸಿಕ್ಕಿಸಿದರು.

ಗಕ್ಕನೆ ನಿಲ್ಲುವುದೇನೂ ಇಲ್ಲ ಬಿಡಿ. ಚಂದ್ರ ಎಬ್ಬಿಸುವ ಉಬ್ಬರವಿಳಿತದ ಎಳೆತಕ್ಕೆ ದಿನ ಉದ್ದವಾಗುತ್ತಿರುವುದು ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡು. ನಿಧಾನವಾಗಿ ನಿಂತಿತೆಂದೇ ಇಟ್ಟುಕೊಳ್ಳೋಣ. ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ಕಚೇರಿಗಳಲ್ಲಿ “ನಾಳೆ ಬನ್ನಿ” ಎಂದರೆ ಬರುವ ವರ್ಷ. ಇದರಿಂದ ಹೆಚ್ಚು ವ್ಯತ್ಯಾಸವಾದೀತೆಂದು ನನಗನ್ನಿಸುವುದಿಲ್ಲ. ಕಷ್ಟ ರೇಷ್ಮೆಯವರಿಗೆ. ಹುಳು ಪೊರೆ ಕಳಚುವ ನಾಲ್ಕು ಜ್ವರ ಮುಗಿಸಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ಏರುವುದಕ್ಕೆ ತಿಂಗಳೂ ಹಿಡಿಯುವುದಿಲ್ಲ. ಒಂದೇ ಮಧ್ಯಾಹ್ನದಲ್ಲಿ ಎಷ್ಟು ಬೆಳೆ! ಹಿಪ್ಪುನೇರಳೆ ಸೊಪ್ಪು ಅಷ್ಟು ಬಿಸಿಲಿಗೆ ಉಳಿದರೆ ತಾನೆ?

ಲಾಭ ಒಂದೇ ಒಂದು. ತಿರುಗುವಿಕೆ ನಮ್ಮನ್ನು ತುಸು ಹೊರಕ್ಕೆ ಎಸೆಯುತ್ತಿರುವುದರಿಂದ ನಾವೆಲ್ಲ ಇರಬೇಕಾದ್ದಕ್ಕಿಂತ ಹಗುರ. ಭೂಮಿ ನಿಂತರೆ ರಾಮನಗರದ ಗೂಡಿನ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 100 ಕಿಲೋ ಗೂಡು ಸುಮಾರು 330 ಗ್ರಾಂ ಹೆಚ್ಚು ತೂಗುತ್ತದೆ. ಸೊಪ್ಪಿಲ್ಲ, ಹುಳುವಿಲ್ಲ, ಊರಿಲ್ಲ; ಆದರೂ ರೈತನಿಗೆ 330 ಗ್ರಾಂ ಪುಕ್ಕಟೆ. ಆಗಲೂ ಎಲ್ಲಿಂದಲೋ ಒಬ್ಬ ದಲ್ಲಾಳಿ ಪ್ರತ್ಯಕ್ಷನಾಗಿ, ಕಿವಿಯಿಂದ ಪೆನ್ನು ತೆಗೆದು, ‘ಭೂಮಿ ನಿಂತ ಬಾಬ್ತು’ ಎಂದು ಬರೆದು ಅರ್ಧ ಕಿಲೋ ಮುರಿದುಕೊಳ್ಳುತ್ತಾನೆ.