ವಾರೋತ್ಪತ್ತಿ ಮೀಮಾಂಸೆ: ಒಂದು ಹೊಟ್ಟೆಪಾಡಿನ ಸಿದ್ಧಾಂತ

ವಾರಕ್ಕೆ ಏಳೇ ದಿನ ಏಕೆ ಎಂಬ ಪ್ರಶ್ನೆಗೆ ವಿದ್ವಾಂಸರು ಈತನಕ ಆಕಾಶ ನೋಡಿ ಉತ್ತರ ಹೇಳಿದ್ದಾರೆ. ಮೈಸೂರಿನ ಅಗ್ರಹಾರದಲ್ಲಿ ಕೂತು ಬಾಳೆಎಲೆ ನೋಡಿದವರಿಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧಕಾರನ ಉದ್ದೇಶ.

ಪೂರ್ವಪಕ್ಷ ಹೀಗಿದೆ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ದೂರದವರಿಂದ ಹತ್ತಿರದವರವರೆಗೆ ಗ್ರಹಗಳನ್ನು ಸಾಲಾಗಿ ಕೂರಿಸಿ ಗಂಟೆಗೊಬ್ಬರಂತೆ ಬಡಿಸಿದರೆ, 24 ಗಂಟೆಯಲ್ಲಿ ಮೂರು ಪಂಕ್ತಿ ಮುಗಿದು ಇನ್ನೂ ಮೂವರದು ಆಗುತ್ತದೆ. ಶನಿಯಿಂದ ಶುರುವಾದ ದಿನದ ಮರುಬೆಳಗ್ಗೆ ಮೊದಲ ಹೋರೆ, ಎಂದರೆ ಮೊದಲ ಗಂಟೆ, ನಾಲ್ಕನೆಯವನಾದ ರವಿಯದು. ಅದರ ಮರುದಿನ ಚಂದ್ರನದು. ಮೊದಲ ಹೋರೆಯ ಒಡೆಯನ ಹೆಸರೇ ದಿನಕ್ಕೆ; ಶನಿವಾರ, ಭಾನುವಾರ, ಸೋಮವಾರ ಬಂದದ್ದು ಹೀಗಂತೆ. 'ಹೋರಾ' ಎಂಬ ಮಾತೇ ಗ್ರೀಕರದು. (ಒಂಟಿಕೊಪ್ಪಲ್ ಪಂಚಾಂಗದ ಎದುರು ಇದನ್ನು ಗಟ್ಟಿಯಾಗಿ ಹೇಳದಿರುವುದು ಲೇಸು.)

ಶಾಸನಗಳನ್ನು ಕೇಳಿದರೆ, ಮಧ್ಯಪ್ರದೇಶದ ಏರಣ್‌ನಲ್ಲಿ ಕ್ರಿ.ಶ. 484ರಲ್ಲೇ ಗುರುವಾರ ಕಾಣಿಸುತ್ತದೆ. ಶಕ 500ರ ಮಂಗಳೇಶನ ಬಾದಾಮಿ ಶಾಸನ ಕಾರ್ತಿಕ ಹುಣ್ಣಿಮೆಯನ್ನು ಹೇಳುತ್ತದೆ, ವಾರ ಹೇಳುವುದಿಲ್ಲ. ಕಲ್ಲುಕುಟಿಗನಿಗೆ ದಿನವೂ ಅರಮನೆಯ ಊಟ; ವಾರ ನೆನಪಿಟ್ಟುಕೊಂಡು ಆಗಬೇಕಾದದ್ದೇನು?

ಈಗ ಸಿದ್ಧಾಂತ. ಕನ್ನಡದಲ್ಲಿ 'ವಾರ' ಎಂದರೆ ಒಂದು ದಿನವೂ ಹೌದು, ಏಳು ದಿನವೂ ಹೌದು. ಈ ಗಂಟನ್ನು ಬಿಚ್ಚುವ ಶಬ್ದ ವಾರಾನ್ನ. ಹಿಂದೆ ಮೈಸೂರಿಗೆ ಓದಲು ಬಂದ ಬಡ ಹುಡುಗ ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದ. ಏಳು ಮನೆ ಒಪ್ಪಿದರೆ ವಾರ ತುಂಬಿತು. ಆರೇ ಸಿಕ್ಕರೆ ಏಳನೆಯ ದಿನ ಹೊಟ್ಟೆಗೆ ತಣ್ಣೀರುಬಟ್ಟೆ. ಶನಿವಾರದ ಒಪ್ಪತ್ತು ಎಂಬುದು ಅದರ ಮರ್ಯಾದೆಯ ಹೆಸರು. ಎಂಟನೆಯ ಮನೆಯ ಬಾಗಿಲು ತಟ್ಟುವಷ್ಟು ನಾಚಿಕೆ ಬಿಟ್ಟ ಹುಡುಗ ಹುಟ್ಟಲಿಲ್ಲ, ಹಾಗಾಗಿ ಎಂಟನೆಯ ದಿನವೂ ಹುಟ್ಟಲಿಲ್ಲ.

ಈ ಸತ್ಯ ತಿಳಿಯದೆ ಕೆಟ್ಟವರುಂಟು. ಕ್ರಾಂತಿಯ ಫ್ರಾನ್ಸ್ 1793ರಲ್ಲಿ ಹತ್ತು ದಿನದ ವಾರ ಮಾಡಿ ಕೈಬಿಟ್ಟಿತು. ಹತ್ತು ಮನೆ ಹಿಡಿಯುವುದು ಹುಡುಗಾಟವೆ? ಸೋವಿಯತ್ ರಷ್ಯಾ 1929ರಲ್ಲಿ ಐದು, 1931ರಲ್ಲಿ ಆರು ಎಂದು ತಿಣುಕಿ, 1940ರಲ್ಲಿ ಏಳಕ್ಕೇ ಮರಳಿತು. ಐದೇ ದಿನಕ್ಕೆ ಅದೇ ಹುಡುಗ ಮತ್ತೆ ಬಂದರೆ ಯಾವ ಮನೆಯಾಕೆಗೂ ಬೇಸರವೇ.

ಈಗ ವಾರಾನ್ನ ಹೋಗಿ ಮೆಸ್ಸು ಬಂದಿದೆ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಚ್ಚುತ್ತಾರೆ. ಪ್ರಬಂಧಕಾರನ ಮೆಸ್ಸಿನಲ್ಲಿ ಅಂದು ರಾತ್ರಿ ಒಲೆ ಹಚ್ಚುವುದಿಲ್ಲ. ಓದುಗರ ಪೈಕಿ ಯಾರ ಮನೆಯಲ್ಲಾದರೂ ಭಾನುವಾರ ಖಾಲಿ ಇದ್ದರೆ ದಯವಿಟ್ಟು ತಿಳಿಸಬೇಕು.