ಉಲ್ಟಾ ನಟ್ಟು

ನಟ್ಟು ಮಾವನ ಮನೆಯಲ್ಲಿ ಯಾವ ವಸ್ತುವೂ ಕೆಡುವುದಿಲ್ಲ, ಬಿಚ್ಚಿಟ್ಟಿರುತ್ತದೆ ಅಷ್ಟೆ. ‘ರೇಡಿಯೋ ಕೆಟ್ಟೋಯ್ತಾ ಮಾವ?’ ಅಂತ ಕೇಳಿ ನೋಡಿ. ‘ಕೆಟ್ಟಿಲ್ಲ ಕಣಯ್ಯ, ಬಿಚ್ಚಿವ್ನಿ’ ಎನ್ನುತ್ತಾರೆ. ಬಿಚ್ಚಿದ್ದು ಯಾವ ಸರ್ಕಾರದ ಕಾಲದಲ್ಲಿ ಅಂತ ಕೇಳಬಾರದು.

ಹನಗೋಡು ಹೋಬಳಿಯ ಯಾವ ಊರಿಗೆ ಹೋದರೂ ಇಂಥ ಒಬ್ಬರು ಸಿಗುತ್ತಾರೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಊರಿಗಿಬ್ಬರು ಸಿಕ್ಕರೂ ಆಶ್ಚರ್ಯವಿಲ್ಲ. ವಯಸ್ಸು ಅರವತ್ತರ ಆಚೆ. ಅಂಗಿ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರ್. ರಸ್ತೆಯಲ್ಲಿ ಬಿದ್ದ ಬೋಲ್ಟನ್ನು ದಾಟಿಹೋಗುವ ಶಕ್ತಿಯನ್ನು ದೇವರು ಇವರಿಗೆ ಕೊಟ್ಟಿಲ್ಲ. ಜಾತ್ರೆಯಲ್ಲಿ ಊರೆಲ್ಲ ತೇರಿನ ಮೇಲಿನ ದೇವರಿಗೆ ಕೈ ಮುಗಿಯುತ್ತಿದ್ದರೆ ಇವರು ಬಗ್ಗಿ ಅಚ್ಚಿಗೆ ಗ್ರೀಸ್ ಹಾಕಿದ್ದಾರೋ ಇಲ್ಲವೋ ನೋಡುತ್ತಿರುತ್ತಾರೆ.

ಇವರ ಆಸ್ತಿ ಒಂದು ಪೇಂಟಿನ ಡಬ್ಬ. ಇಪ್ಪತ್ತು ಲೀಟರಿನದು, ಹಗ್ಗದ ಹಿಡಿ ಕಟ್ಟಿದ್ದು. ಅದರಲ್ಲಿ ಎತ್ತಿನ ಗಾಡಿಯ ಕಡಾಣಿಯಿಂದ ಹಿಡಿದು ಪಂಪ್‌ಸೆಟ್ಟಿನ ವಾಷರಿನವರೆಗೆ ನಾಲ್ಕು ತಲೆಮಾರಿನ ಕಬ್ಬಿಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು ಎಂದು ಲೋಕ ತಿಳಿದಿದೆ. ಅದರ ಒಂದು ಸಣ್ಣ ಬ್ರಾಂಚು ಈ ಡಬ್ಬದ ತಳದಲ್ಲಿ ಇನ್ನೂ ನಡೆಯುತ್ತಿದೆ. ಆ ಕಾರ್ಖಾನೆಯ ಯಜ್ಡಿ ಬೈಕು ಓಡಿಸುವ ಹುಡುಗರು ಹುಣಸೂರಿನಿಂದ ನಟ್ಟು ಹುಡುಕಿಕೊಂಡು ಬಂದದ್ದೂ ಉಂಟು. ಮಾವ ಕಾಸು ಮುಟ್ಟುವುದಿಲ್ಲ. ಬದಲಿಗೆ ಒಂದು ಗಂಟೆ ಕೂರಿಸಿಕೊಂಡು ಆ ನಟ್ಟಿನ ಪೂರ್ವಾಪರ ಹೇಳುತ್ತಾರೆ. ಅದಕ್ಕಿಂತ ದುಡ್ಡು ಕೊಟ್ಟಿದ್ದರೆ ಅಗ್ಗವಾಗುತ್ತಿತ್ತು ಅಂತ ಹುಡುಗರು ವಾಪಸು ಹೋಗುವಾಗ ಅಂದುಕೊಳ್ಳುತ್ತಾರೆ.

ಇಂಥ ಮಾವನ ಹುಲ್ಲು ಹೊಡೆಯುವ ಮಷೀನಿನದೇ ನಟ್ಟು ಕಳೆದುಹೋಯಿತು.

ಮಷೀನು ಬಂದದ್ದು ಕಟ್ಟೆಮಳಲವಾಡಿ ಹರಾಜಿನಲ್ಲಿ ಹೊಗೆಸೊಪ್ಪಿಗೆ ಒಳ್ಳೇ ರೇಟು ಸಿಕ್ಕ ವರ್ಷ. ಹೆಗಲಿಗೆ ನೇತುಹಾಕಿಕೊಂಡು, ಉದ್ದ ಕೊಳವೆಯ ತುದಿಯಲ್ಲಿ ಬ್ಲೇಡು ತಿರುಗಿಸುತ್ತಾ ಬದುವಿನ ಮೇಲೆ ನಡೆದರೆ ಆಯಿತು. ಮಳೆಗಾಲದಲ್ಲಿ ಲಕ್ಷ್ಮಣತೀರ್ಥದ ಕಡೆಯ ಹುಲ್ಲು ನೋಡಿದವರಿಗೆ ಇದರ ಬೆಲೆ ಗೊತ್ತು. ಇವತ್ತು ಹೊಡೆದರೆ ನಾಡಿದ್ದಕ್ಕೆ ಮತ್ತೆ ಮೊಣಕಾಲು. ಹೀಗಾಗಿ ಮಷೀನು ಮಾವನ ಮನೆಯಲ್ಲಿದ್ದದ್ದಕ್ಕಿಂತ ಶುಂಠಿ ಹಾಕಿದವರ, ತೆಂಗಿನ ತೋಟದವರ ಮನೆಯಲ್ಲಿದ್ದದ್ದೇ ಹೆಚ್ಚು. ಒಂದು ದಿನ ತಗೊಂಡು ಹೋದವನು ಬ್ಲೇಡು ತೆಗೆದು ನೈಲಾನ್ ದಾರ ಹಾಕೋಣ ಅಂತ ಗದ್ದೆ ಬದುವಿನ ಮೇಲೇ ಬಿಚ್ಚಿದ. ಸಂಜೆ ಮಷೀನನ್ನು ತೊಳೆದು, ಒರೆಸಿ, ಹಿಡಿಗೆ ಎಣ್ಣೆ ಸವರಿ ತಂದು ನಿಲ್ಲಿಸಿದ. ಎರವಲು ತಂದ ಮಷೀನನ್ನು ಯಾರಾದರೂ ಅಷ್ಟು ಚೊಕ್ಕಟವಾಗಿ ವಾಪಸು ಕೊಟ್ಟರೆ ಏನೋ ಆಗಿದೆ ಅಂತಲೇ ಅರ್ಥ.

‘ಎಲ್ಲಾ ಸರಿಯಾಗದೆ ಮಾವ. ಒಂದ್ ನಟ್ಟು ಮಾತ್ರ ಕೆಸರಲ್ಲಿ...’

ಮಾವ ಬೈಯಲಿಲ್ಲ. ಅವರ ಮುಖದಲ್ಲಿ ಎಂಥದೋ ಕಳೆ ಬಂತು. ನಟ್ಟು ಕಳೆದರೆ ನಮಗೆ ನಷ್ಟ, ಅವರಿಗೆ ಹಬ್ಬ.

ಮಾರನೇ ದಿನ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಬದುವಿನುದ್ದಕ್ಕೂ ಎಳೆದರು. ಎತ್ತಿನ ಲಾಳ ಸಿಕ್ಕಿತು, ಮುರಿದ ಕುಡುಗೋಲು ಸಿಕ್ಕಿತು, ಯಾರದೋ ಬೀಗದ ಕೈ ಸಿಕ್ಕಿತು. ನಟ್ಟು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಡಬ್ಬಕ್ಕೆ ಜಮಾ ಆಯಿತು.

ಆಮೇಲೆ ಜಗಲಿ ಮೇಲೆ ಟಾರ್ಪಾಲು ಹಾಸಿ ಡಬ್ಬವನ್ನೇ ಬೋರಲು ಹಾಕಿದರು. ಊರಿನ ನಾಲ್ಕು ಜನ ಸುತ್ತ ಕೂತರು, ಒಬ್ಬೊಬ್ಬರಿಗೆ ಒಂದೊಂದು ಗುಡ್ಡೆ. ದೇಶ ಇಂಚು ಬಿಟ್ಟು ಮಿಲಿಮೀಟರಿಗೆ ಹೋಗಿ ಅರವತ್ತು ವರ್ಷ ದಾಟಿದರೂ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡೂ ಸಂಸಾರ ಮಾಡಿಕೊಂಡಿವೆ. ತ್ರೀ ಬೈ ಎಯ್ಟ್ ನಟ್ಟು ಎಂದರೆ ಒಂಬತ್ತೂವರೆ ಮಿಲಿಮೀಟರು, ಹತ್ತರ ಶಾಫ್ಟಿಗೆ ಏರುವುದೇ ಇಲ್ಲ. ಇಂಗ್ಲೆಂಡಿನ ವಿಟ್‌ವರ್ತ್ ಎಂಬ ಇಂಜಿನಿಯರು 1841ರಲ್ಲಿ ಸ್ಕ್ರೂ ಮರೆಗಳನ್ನು ಒಂದು ಅಳತೆಗೆ ತಂದು ಲೋಕೋಪಕಾರ ಮಾಡಿದ. ಅವನ ಹಲ್ಲಿನ ಕೋನ 55 ಡಿಗ್ರಿ. ಆಮೇಲೆ ಬಂದ ಮೆಟ್ರಿಕ್ಕಿನವರು 60 ಮಾಡಿಕೊಂಡರು. ಆ ಐದು ಡಿಗ್ರಿಯ ಜಗಳ ಈಗ ಮಾವನ ಜಗಲಿಗೆ ಬಂದಿತ್ತು. ಹತ್ತು ಮಿಲಿಮೀಟರಿನ ನಟ್ಟುಗಳು ಡಬ್ಬದಲ್ಲಿ ಬೇಕಾದಷ್ಟಿದ್ದವು. ಆದರೆ ಒಂದೊಂದೂ ತುದಿಗೆ ಕಚ್ಚಿಕೊಂಡ ಹಾಗೆ ಮಾಡಿ ಜಾರಿ ಬೀಳುತ್ತಿತ್ತು.

‘ಶಾಫ್ಟು ಸವೆದದೆ’ ಅಂತ ಒಬ್ಬ. ‘ಚೈನಾ ಮಾಲು’ ಅಂತ ಇನ್ನೊಬ್ಬ. ‘ಇರೋ ನಟ್ಟನ್ನೇ ಇಟ್ಟು ವೆಲ್ಡಿಂಗ್ ಹೊಡೆಸ್ಬುಡಿ’ ಅಂದ ಮೂರನೆಯವನು. ಈ ಮೂರನೆಯವನು ಎಲ್ಲಾ ಊರಲ್ಲೂ ಇರುತ್ತಾನೆ, ಅವನ ಮಾತು ಕೇಳಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿನ ಬ್ಲೇಡು ಸಡಿಲಾದರೆ ಮೊದಲು ಹೋಗುವುದು ನಮ್ಮದೇ ಕಾಲು.

ಒಳಗೆ ಚಟ್ನಿಗೆ ಕಾಯಿ ತುರಿಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: ‘ಮಿಕ್ಸಿ ಕಪ್ಲರ್ ಥರ ಉಲ್ಟಾ ತಿರುಗ್ಸಿ ನೋಡಿದ್ರಾ?’

ಜಗಲಿ ಒಂದು ಗಳಿಗೆ ಗಪ್‌ಚಿಪ್ಪಾಯಿತು. ಮಾವ ಕನ್ನಡಕ ಏರಿಸಿ ಶಾಫ್ಟಿನ ಮರೆ ನೋಡಿದರು. ಮರೆ ಎಡಕ್ಕೆ ಏರಿತ್ತು. ಬೇಕಂತಲೇ ಹಾಗೆ ಮಾಡಿರುತ್ತಾರೆ: ಬ್ಲೇಡು ಕಲ್ಲಿಗೋ ಬೇರಿಗೋ ಬಡಿದು ತಡೆದಾಗ ಶಾಫ್ಟು ಇನ್ನೂ ತಿರುಗುತ್ತಲೇ ಇರುತ್ತದಲ್ಲ, ಆ ಎಳೆತಕ್ಕೆ ಮಾಮೂಲು ನಟ್ಟಾದರೆ ಬಿಚ್ಚಿಕೊಂಡು ಹಾರುತ್ತದೆ, ಉಲ್ಟಾ ಮರೆಯದಾದರೆ ಇನ್ನಷ್ಟು ಬಿಗಿಯಾಗುತ್ತದೆ. ಸೈಕಲ್ಲಿನ ಎಡಗಡೆ ಪೆಡಲಿಗೆ ಉಲ್ಟಾ ಮರೆ ಇಟ್ಟಿರುವುದೂ ತಿರುಗುತ್ತಾ ತಿರುಗುತ್ತಾ ಬಿಚ್ಚಿಕೊಳ್ಳಬಾರದು ಎಂದೇ. ವಿಮಾನ ಹಾರಿಸುವ ಮೊದಲು ಸೈಕಲ್ ಮಾರುತ್ತಿದ್ದ ರೈಟ್ ಸಹೋದರರೂ ಅಂಥ ಪೆಡಲನ್ನೇ ಹಾಕುತ್ತಿದ್ದರು.

‘ನಂಗೊತ್ತಿತ್ತು,’ ಎಂದರು ಮಾವ. ‘ನೀವ್ಯಾರಾದ್ರೂ ಹೇಳ್ತೀರೇನೋ ಅಂತ ನೋಡ್ತಿದ್ದೆ.’

ಅಲ್ಲಿಂದ ಊರಿನಲ್ಲಿರುವ ಎಲ್ಲಾ ಉಲ್ಟಾ ಮರೆಗಳ ಗಣತಿ ಆಯಿತು. ಸೈಕಲ್ ಪೆಡಲು ಬಿಚ್ಚಿದರು, ನಟ್ಟಿರಲಿಲ್ಲ. ಟೇಬಲ್ ಫ್ಯಾನು ಬಿಚ್ಚಿದರು, ರೆಕ್ಕೆಯ ನಟ್ಟು ಉಲ್ಟಾ ಹೌದು, ಆದರೆ ಪ್ಲಾಸ್ಟಿಕ್ಕು. ಮಿಕ್ಸಿಯ ಕಪ್ಲರನ್ನೂ ಸಾಕ್ಷಿಗೆ ಬಿಚ್ಚಿದರು. ವೆಲ್ಡಿಂಗ್ ಅಂಗಡಿಯವನು ಗ್ಯಾಸ್ ಪೈಪಿನ ನಟ್ಟು ತೋರಿಸಿ, ‘ಇದೂ ಉಲ್ಟಾನೇ, ಆಕ್ಸಿಜನ್‌ದು ಇದಕ್ಕೆ ತಾಗಬಾರ್ದು ಅಂತ’ ಎಂದ. ಅದು ಹೆಬ್ಬೆರಳಿಗೆ ಉಂಗುರವಾಗುವಷ್ಟು ದೊಡ್ಡದು. ಸಂಜೆ ಹೊತ್ತಿಗೆ ಮಾವನ ಮನೆಯಲ್ಲಿ ಫ್ಯಾನಿಲ್ಲ, ಚಟ್ನಿಯಿಲ್ಲ, ಮೊಮ್ಮಗನಿಗೆ ಸೈಕಲ್ಲಿಲ್ಲ. ಯಾವುದೂ ಕೆಟ್ಟಿರಲಿಲ್ಲ.

ಹುಣಸೂರಿನ ಅಂಗಡಿಯಲ್ಲಿ ಕೇಳಿದ್ದಕ್ಕೆ ಬಂದ ಮೊದಲ ಪ್ರಶ್ನೆ, ‘ಸ್ಯಾಂಪಲ್ ತಂದಿದ್ದೀರಾ?’

‘ಸ್ಯಾಂಪಲ್ ಇದ್ದಿದ್ರೆ ಅದನ್ನೇ ಹಾಕ್ಕತಿರ್ಲಿಲ್ವಾ ಸ್ವಾಮಿ?’

‘ಹಂಗಾದ್ರೆ ಎಂಗ್ ಕೊಡಾದು?’

ಹಾರ್ಡ್‌ವೇರ್ ಅಂಗಡಿಗಳ ಈ ತರ್ಕಕ್ಕೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಮೈಸೂರಿನ ಅಶೋಕ ರಸ್ತೆಗೆ ಹೋಗಬೇಕು ಎಂದಾಯಿತು. ಆದರೆ ಹತ್ತಿಪ್ಪತ್ತು ರೂಪಾಯಿಯ ನಟ್ಟಿಗೆ ಬಸ್ ಚಾರ್ಜು ಕೊಡುವುದು ಮಾವನ ಸಿದ್ಧಾಂತಕ್ಕೆ ವಿರುದ್ಧ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಮಾಮೂಲು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಈ ಶಕ್ತಿ ಯೋಜನೆಯಿಂದ ಎಷ್ಟು ಜನ ಧರ್ಮಸ್ಥಳ ನೋಡಿದರು ಅಂತ ಪತ್ರಿಕೆಗಳು ಬರೆದವು. ಎಷ್ಟು ಮನೆಗಳಲ್ಲಿ ಗಂಡಸರ ನಟ್ಟು-ಬೋಲ್ಟಿನ ಕೆಲಸ ಹೆಂಗಸರ ಹೆಗಲಿಗೆ ಬಂತು ಅಂತ ಯಾರೂ ಬರೆದಂತಿಲ್ಲ.

ಮಾವ ಮಷೀನಿನ ಕೊಳವೆಯಿಂದ ಗೇರ್ ಬಾಕ್ಸನ್ನು ಬಿಡಿಸಿ ತರಕಾರಿ ಚೀಲದಲ್ಲಿ ಹಾಕಿದರು. ಅತ್ತೆ ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದರಲ್ಲಿ ಚೀಲ ಹಿಡಿದು ಬಸ್ಸು ಹತ್ತಿದರು. ಹೊರಡುವ ಮುಂಚೆ ಮಾವ ಹೇಳಿಕೊಟ್ಟ ಪಾಠ ಎರಡು ಮೈಲಿ ಉದ್ದವಿತ್ತು: ಹತ್ತು ಎಂ.ಎಂ., ಹಲ್ಲಿನ ಅಂತರ ಒಂದೂ ಕಾಲು, ಒಂದೂವರೆಯದು ಕೊಟ್ರೆ ತಗಬ್ಯಾಡ, ಲೆಫ್ಟು ಅಂತ ಕೇಳು. ಅತ್ತೆ ಅಂಗಡಿಗೆ ಹೋಗಿ ಗೇರ್ ಬಾಕ್ಸನ್ನು ಕೌಂಟರಿನ ಮೇಲೆ ಕುಕ್ಕಿ, ‘ಇದಕ್ಕಾಗೋದು ಕೊಡಪ್ಪ’ ಎಂದರಂತೆ. ಅವನು ಕೊಟ್ಟ. ಅತ್ತೆ ಅಲ್ಲೇ ಉಲ್ಟಾ ತಿರುಗಿಸಿ ಕೂರುತ್ತದೋ ನೋಡಿ ಎರಡು ತಗೊಂಡರು. ಪಕ್ಕದಲ್ಲೇ ಮಿಕ್ಸಿಗೆ ಹೊಸ ಕಪ್ಲರನ್ನೂ ತಗೊಂಡರು. ಹಳೆಯದು ಆಗಲೇ ಡಬ್ಬ ಸೇರಿತ್ತು. ಅಲ್ಲಿಂದ ವಾಪಸು ಬಂದ ವಸ್ತುವನ್ನು ಅವರು ಮದುವೆಯಾದಾಗಿನಿಂದ ಕಂಡಿಲ್ಲ.

ಒಂದು ನಟ್ಟು ಮಷೀನಿಗೆ, ಇನ್ನೊಂದು ಇರಲಿ ಅಂತ ಅತ್ತೆಯ ಲೆಕ್ಕ. ಮಾವ ಎರಡನ್ನೂ ಅಂಗಿ ಜೇಬಿನಲ್ಲಿ ಟೆಸ್ಟರಿನ ಪಕ್ಕ ಇಟ್ಟುಕೊಂಡರು. ಈಗ ಯಾರಾದರೂ ಮಷೀನು ಕೇಳಲು ಬಂದರೆ ಇಲ್ಲ ಅನ್ನುವುದಿಲ್ಲ. ‘ತಗಂಡೋಗು, ಬ್ಲೇಡೂ ತಗಂಡೋಗು. ನಟ್ಟು ನಾನೇ ತತ್ತೀನಿ, ನಾನೇ ಹಾಕ್ತೀನಿ, ಕೆಲ್ಸ ಆದ್ಮೇಲೆ ನಾನೇ ಬಿಚ್ಕಂಡ್ ಬತ್ತೀನಿ.’ ಅಂದ ಮೇಲೆ ಹುಲ್ಲು ಹೊಡೆದು ಮುಗಿಯುವವರೆಗೂ ಬದುವಿನ ಮೇಲೆ ಕೂತಿರುತ್ತಾರೆ. ನಟ್ಟನ್ನು ಒಬ್ಬಂಟಿ ಬಿಟ್ಟು ಬರುವ ಹಾಗಿಲ್ಲವಲ್ಲ. ಮಧ್ಯಾಹ್ನ ಆ ಮನೆಯಲ್ಲೇ ಮುದ್ದೆ ಊಟ. ಶುಂಠಿ ಹಾಕಿದವರ ಮನೆಯಲ್ಲಿ ಮೊನ್ನೆ ನಾಟಿಕೋಳಿ ಮಾಡಿದ್ದರಂತೆ.